ಮುತ್ಯಾಲಮ್ಮನ ನಾಲ್ಕು ಹಸಿರು ಎಳೆ

ದೊಡ್ಡಬಳ್ಳಾಪುರದ ಮುತ್ಯಾಲಮ್ಮನಿಗೆ ಒಂದು ಹೆಸರು ಬಾಕಿ ಬರಬೇಕು. ಕೂಲಿ ಬಾಕಿಗಾಗಿ ನಾವು ಮಗ್ಗದ ಸಂಘದವರು ತಾಲ್ಲೂಕು ಕಚೇರಿ ಮುಂದೆ ಕೂತು, ಲಾಠಿ ಏಟು ತಿಂದು, ಅಷ್ಟೋ ಇಷ್ಟೋ ವಸೂಲಿ ಮಾಡಿದ್ದೇವೆ. ಹೆಸರಿನ ಬಾಕಿ ಹಾಗೇ ಉಳಿಯಿತು. ಮೂವತ್ತನಾಲ್ಕು ವರ್ಷ ಪವರ್‌ಲೂಮ್ ಮಗ್ಗದ ಮುಂದೆ ನಿಂತು ಆಕೆ ನೇಯ್ದ ಸೀರೆಗಳಲ್ಲಿ ಒಂದರ ಮೇಲೂ ಆಕೆಯ ಗುರುತಿಲ್ಲ. ನಾನು ಬರೆದ ಒಂದೇ ಒಂದು ಬೇಡಿಕೆ ಪಟ್ಟಿಯಲ್ಲೂ ಅದು ಇರಲಿಲ್ಲ. ನನಗೆ ಹೊಳೆದಿರಲಿಲ್ಲ, ಅಷ್ಟೆ. ಹೊಳೆದದ್ದು ಮುನಿವೆಂಕಟಮ್ಮನಿಗೆ. ಅದೂ ಒಂದು ಕಾಲೇಜಿನ ಭಾನುವಾರದ ಚಿತ್ರಕಲೆ ಪಾಠದಲ್ಲಿ.

ಮುನಿವೆಂಕಟಮ್ಮನಿಗೆ ನಲವತ್ತೆಂಟು. ಹುಟ್ಟಿದ್ದು ದೊಡ್ಡಬೆಳವಂಗಲದ ಹತ್ತಿರ, ಓದಿದ್ದು ಏಳನೇ ಕ್ಲಾಸು. ಮದುವೆಯಾಗಿ ಊರಿಗೆ ಬಂದವಳು ಗೋಪಾಲಪ್ಪನ ಮಗ್ಗದ ಶೆಡ್ಡಿಗೆ ಸೇರಿ ಇಪ್ಪತ್ತೆರಡು ವರ್ಷವಾಯಿತು. ಹದಿನಾರು ಮಗ್ಗದಿಂದ ಇಳಿದ ಸೀರೆಯೆಲ್ಲ ಈಕೆಯ ಮೇಜಿಗೆ ಬರುತ್ತದೆ. ಟ್ಯೂಬ್‌ಲೈಟಿನ ಕೆಳಗೆ ಹರಡಿ, ಮೊದಲು ಮಾಡುವ ಕೆಲಸವೆಂದರೆ ಸೀರೆಯನ್ನು ಮಗುಚುವುದು. ಎಳೆ ಎಲ್ಲಿ ಹರಿದಿದೆ, ಎಲ್ಲಿ ಗಂಟು ಬಿದ್ದಿದೆ, ಎಲ್ಲಿ ನೇಯುವವರು ತೂಕಡಿಸಿದ್ದಾರೆ, ಎಲ್ಲ ಹಿಂಬದಿಯಲ್ಲೇ ಕಾಣುವುದು. ರಿಪೇರಿ ಮಾಡಬಹುದಾದದ್ದನ್ನು ಸೂಜಿಯಲ್ಲಿ ಅಲ್ಲೇ ಮಾಡುತ್ತಾಳೆ.

ಕೊನೆಗೊಂದು ಕೆಲಸವಿದೆ. ಆ ಶೆಡ್ಡಿನಲ್ಲಿ ಒಬ್ಬೊಬ್ಬರಿಗೆ ಒಂದೊಂದು ಬಣ್ಣ. ಬೈಲಪ್ಪನದು ಹಳದಿ, ಪಿಳ್ಳಪ್ಪನದು ಬಿಳಿ, ಮುತ್ಯಾಲಮ್ಮನದು ಹಸಿರು. ಹೊಸ ಸೀರೆ ಶುರು ಮಾಡುವಾಗ, ಸೊಂಟಕ್ಕೆ ಸಿಕ್ಕಿಸುವ ತುದಿಯಲ್ಲಿ, ತಮ್ಮ ಬಣ್ಣದ ನಾಲ್ಕು ಎಳೆ ಹಾಕಿಯೇ ಮುಂದಿನ ನೇಯ್ಗೆ. ಯಾವ ಸೀರೆ ಯಾರದೆಂದು ಗೊತ್ತಾಗಲಿ ಅಂತ. ಮುನಿವೆಂಕಟಮ್ಮ ಅದನ್ನು ನೋಡಿ ಪುಸ್ತಕದಲ್ಲಿ ಗುರುತು ಹಾಕಿಕೊಂಡು, ಸೂಜಿಯಿಂದ ಎತ್ತಿ, ಕತ್ತರಿಯಿಂದ ಕತ್ತರಿಸಿ, ಎಳೆದು ಬಿಸಾಕುತ್ತಾಳೆ. ಆಮೇಲೆ ಸೀರೆ ಅಂಗಡಿಗೆ ಹೋಗುತ್ತದೆ.

ಚಿತ್ರಕಲೆ ಪಾಠಕ್ಕೆ ಆಕೆ ಬಂದದ್ದು ಜಾಗ ಹಿಡಿಯುವುದಕ್ಕೆ. ಊರಿನ ಕಾಲೇಜೊಂದರಲ್ಲಿ ಹನ್ನೆರಡು ಭಾನುವಾರದ ಕೋರ್ಸು: ಚಿತ್ರ ನೋಡುವುದು ಹೇಗೆ, ಶಿಲ್ಪ ನೋಡುವುದು ಹೇಗೆ. ಯಾರು ಬೇಕಾದರೂ ಸೇರಬಹುದು. ಮಗಳು ಪ್ರಿಯಾಂಕ ಹೆಸರು ಕೊಟ್ಟಳು. ಆ ವಾರವೇ ಬಾಶೆಟ್ಟಿಹಳ್ಳಿಯ ಫ್ಯಾಕ್ಟರಿಯಲ್ಲಿ ಅವಳಿಗೆ ಭಾನುವಾರದ ಶಿಫ್ಟು ಬಿತ್ತು. "ನೀನು ಶಿಫ್ಟಿಗೆ ಹೋಗು, ನಾನ್ ಹೋಗಿ ಕೂತಿರ್ತೀನಿ, ಸೀಟು ಬೇರೆಯವ್ರಿಗೆ ಹೋಗ್ಬಾರ್ದು" ಅಂದಳು ತಾಯಿ, ಬಸ್ಸಿನಲ್ಲಿ ಟವೆಲ್ಲು ಹಾಕುವ ಲೆಕ್ಕದಲ್ಲಿ. ನಾನು ಸೇರಿದ್ದಕ್ಕೂ ದೊಡ್ಡ ಕಾರಣವೇನಿಲ್ಲ. ಮಂಡಿ ಹೋದಮೇಲೆ ಧರಣಿಗೆ ನೆಲದ ಮೇಲೆ ಕೂರಲಾಗುವುದಿಲ್ಲ. ಅಲ್ಲಿ ಕುರ್ಚಿ ಇತ್ತು.

ಪಾಠ ಹೇಳುವವರು ರಮ್ಯಶ್ರೀ, ನೆಲಮಂಗಲದ ಹುಡುಗಿ, ಇನ್ನೂ ಮೂವತ್ತಾಗಿಲ್ಲ. ಹಾಜರಿಯಲ್ಲಿ "ಪ್ರಿಯಾಂಕ" ಎಂದು ಕೂಗಿದರೆ ಮುನಿವೆಂಕಟಮ್ಮ ಎದ್ದು ನಿಂತು "ಬಂದಿದೀನಿ" ಅಂದಳು. ಹುಡುಗಿಯರೆಲ್ಲ ನಕ್ಕರು. ಅವತ್ತು ಪರದೆಯ ಮೇಲೆ ಒಂದು ಚಿತ್ರ ಹಾಕಿ, ಏನು ಕಾಣುತ್ತದೆ ಹೇಳಿ ಅಂದರು ರಮ್ಯಶ್ರೀ. ಕೆರೆ, ಎಮ್ಮೆ, ಸಂಜೆ ಅಂತ ಒಬ್ಬೊಬ್ಬರು ಒಂದೊಂದು ಹೇಳಿದರು. ಮುನಿವೆಂಕಟಮ್ಮ ಕೇಳಿದ್ದು ಬೇರೆ.

"ಮೇಡಮ್ಮಾರೆ, ಇದರ ಹಿಂದುಗಡೆ ತೋರ್ಸಿ."

"ಹಿಂದೆ ಏನೂ ಇಲ್ಲಮ್ಮ, ಬರೀ ಪರದೆ."

"ಹಂಗಾದ್ರೆ ಹೆಂಗೇಳೋದು ಚೆನ್ನಾಗೈತೋ ಇಲ್ವೋ?"

ಮತ್ತೆ ನಗು. ಆದರೂ ಮುಂದಿನ ಭಾನುವಾರ ಬಂದಳು. ಮಗಳ ಶಿಫ್ಟು ಬದಲಾಗಲಿಲ್ಲ, ಈಕೆಯೂ ಬಿಡಲಿಲ್ಲ. ಮೂರನೇ ವಾರ ರಮ್ಯಶ್ರೀ ಪ್ರಿಯಾಂಕಳ ಹೆಸರು ಹೊಡೆದು ಹಾಕಿ ಕೆಳಗೆ ಮುನಿವೆಂಕಟಮ್ಮ ಅಂತ ಬರೆದರು.

ಐದನೇ ಭಾನುವಾರ ಎಲ್ಲರನ್ನೂ ಬೆಂಗಳೂರಿನ ಒಂದು ಗ್ಯಾಲರಿಗೆ ಬಸ್ಸಿನಲ್ಲಿ ಕರೆದುಕೊಂಡು ಹೋದರು. ತಣ್ಣಗಿನ ದೊಡ್ಡ ಕೋಣೆ, ಬಿಳಿ ಗೋಡೆ, ಚಪ್ಪಲಿ ಸದ್ದೂ ಕೇಳುವಷ್ಟು ಮೌನ. ನಾನು ಬೆಂಚು ಹುಡುಕುತ್ತಿದ್ದೆ. ಅಷ್ಟರಲ್ಲಿ ಒಂದು ಕೂಗು.

"ಏಯ್ ಏಯ್! ಅಮ್ಮಾ! ಕೈ ತೆಗೀರಿ!"

ನೋಡಿದರೆ ಮುನಿವೆಂಕಟಮ್ಮ ಒಂದು ದೊಡ್ಡ ಚಿತ್ರದ ಚೌಕಟ್ಟನ್ನು ಎರಡೂ ಕೈಯಲ್ಲಿ ಹಿಡಿದು, ಗೋಡೆಯಿಂದ ಗೇಣುದ್ದ ಎಳೆದು, ಸಂದಿಯಲ್ಲಿ ತಲೆ ತೂರಿಸಿದ್ದಾಳೆ.

"ಕೀಳ್ತಿಲ್ಲ ಕಣಪ್ಪಾ, ಹಿಂದುಗಡೆ ನೋಡ್ತಿದೀನಿ."

"ಹಿಂದುಗಡೆ ಏನೈತೆ? ಗೋಡೆ ಐತೆ!"

"ನೀನು ನೋಡಿದೀಯಾ?"

ಕಾವಲುಗಾರ ಚಿತ್ರದ ಕಡೆ ನೋಡಿದ. "ಇಲ್ಲ."

"ಮತ್ತೆ?"

ಜವಾಬು ಚೆನ್ನಾಗಿತ್ತು, ಆದರೆ ಕೆಲಸ ಕೆಟ್ಟಿತು. ಇನ್ನೊಬ್ಬ ಬಂದ, ಮತ್ತೊಬ್ಬ ಬಂದ. ಬಿ.ಕಾಂ. ಓದುವ ಚಂದನ ಮೊಬೈಲಿನಲ್ಲಿ ಫೋಟೋ ತೆಗೆದಳು. ಮುನಿವೆಂಕಟಮ್ಮ ಮುಖ ಕೆಂಪಗೆ ಮಾಡಿಕೊಂಡು ಹೊರಗೆ ಹೋಗಿ ಮೆಟ್ಟಿಲ ಮೇಲೆ ಕೂತಳು. "ನಾನಿನ್ ಬರಲ್ಲ. ಇದೆಲ್ಲ ನಮ್ಮಂಥೋರಿಗಲ್ಲ" ಅಂದಳು.

ರಮ್ಯಶ್ರೀ ಪಕ್ಕದಲ್ಲಿ ಕೂತರು. ಸಮಾಧಾನ ಹೇಳುತ್ತಾರೆ ಅಂದುಕೊಂಡೆ. ಅವರು ಕೇಳಿದ್ದು ಇಷ್ಟೇ: "ಹಿಂದೆ ನೋಡಿದ್ರೆ ನಿಮಗೆ ಏನು ಗೊತ್ತಾಗ್ತಿತ್ತು, ಹೇಳಿ?"

"ಮುಂದುಗಡೆ ಎಲ್ರಿಗೂ ಚೆಂದ ಕಾಣ್ಲಿ ಅಂತ ಮಾಡಿರ್ತಾರೆ. ಹಿಂದುಗಡೆ ಯಾರ್ಗೋಸ್ಕರಾನೂ ಮಾಡಿರಲ್ಲ. ಮಾಡ್ದೋರು ಅಲ್ಲೇ ಸಿಗೋದು."

ರಮ್ಯಶ್ರೀ ಎದ್ದು ಒಳಗೆ ಹೋಗಿ ಯಾರೊಂದಿಗೋ ಹದಿನೈದು ನಿಮಿಷ ಮಾತಾಡಿದರು. ಆಮೇಲೆ ನಮ್ಮನ್ನೆಲ್ಲ ಹಿಂದಿನ ಕೋಣೆಗೆ ಕರೆದರು. ಅಲ್ಲಿ ಗೋಡೆಗೆ ಹಾಕದ ಚಿತ್ರಗಳನ್ನು ಒರಗಿಸಿಟ್ಟಿದ್ದರು. ಕೆಲಸದವನೊಬ್ಬ ಕೈಗವಸು ಹಾಕಿಕೊಂಡು ಒಂದನ್ನು ಎತ್ತಿ ತಿರುಗಿಸಿದ. ಮರದ ಪಟ್ಟಿ, ತುಕ್ಕು ಹಿಡಿದ ಮೊಳೆ, ಕಂದು ಬಟ್ಟೆ. ನನಗೆ ಕಂಡದ್ದು ಅಷ್ಟೆ.

ಮುನಿವೆಂಕಟಮ್ಮ ಕೈ ಬೆನ್ನ ಹಿಂದೆ ಕಟ್ಟಿಕೊಂಡು ಬಗ್ಗಿದಳು. "ಬಟ್ಟೆ ದಪ್ಪ ನೂಲಿಂದು, ಅಗ್ಗದ್ದು. ದುಡ್ಡಿರಲಿಲ್ಲ ಪಾಪ. ಇಲ್ಲಿ ಹರಿದಿತ್ತು ನೋಡಿ, ತೇಪೆ ಹಾಕವ್ರೆ. ಒಳ್ಳೆ ಕೈ. ಚಿತ್ರ ಬರೆದೋರದಲ್ಲ, ಬೇರೆಯವರ ಕೈ." ಕೆಲಸದವನು ಮುಂದುಗಡೆ ತಿರುಗಿಸಿದ. ಆಕಾಶದ ನೀಲಿ. ತೇಪೆಯಿದ್ದ ಜಾಗ ಎಲ್ಲಿ ಅಂತ ನಮಗ್ಯಾರಿಗೂ ತಿಳಿಯಲಿಲ್ಲ. ಆಕೆ ಬೆರಳು ತೋರಿಸಿದ ಮೇಲೆ ಆ ನೀಲಿಯನ್ನು ನಾನು ಮೊದಲ ಸಲ ನಿಜವಾಗಿ ನೋಡಿದೆ. ಚಂದನ ಮೊಬೈಲು ಒಳಗಿಟ್ಟಳು.

"ಮೂಲೇಲಿ ಕೆಂಪಗೆ ಗೀಚೈತಲ್ಲ, ಏನದು?" ಅಂದಳು ಮುನಿವೆಂಕಟಮ್ಮ.

"ಬರೆದವರ ಸಹಿ" ಎಂದರು ರಮ್ಯಶ್ರೀ. "ಇದು ನಂದು ಅಂತ."

"ಅಳಿಸಲ್ವಾ?"

"ಅಯ್ಯೋ, ಅಳಿಸಿದ್ರೆ ಅಪರಾಧ!"

ವಾಪಸು ಬರುವಾಗ ಬಸ್ಸು ರಾಜಾನುಕುಂಟೆ ದಾಟಿದ ಮೇಲೆ ಮುನಿವೆಂಕಟಮ್ಮ ನನ್ನ ಕಡೆ ತಿರುಗಿದಳು. "ಅಣ್ಣಾ, ಇಪ್ಪತ್ತೆರಡು ವರ್ಷದಿಂದ ನಾನು ಕತ್ತರಿಸ್ತಾ ಇರೋದು ಅದನ್ನೇ ಅಲ್ವಾ?"



ಕೋರ್ಸಿನ ಕೊನೆಗೆ ಒಬ್ಬೊಬ್ಬರು ಒಂದು ವಸ್ತು ತಂದು ಕಾಲೇಜಿನ ಹಾಲಿನಲ್ಲಿಟ್ಟು, ಅದರ ಬಗ್ಗೆ ಊರಿನವರ ಮುಂದೆ ಮಾತಾಡಬೇಕು. ಮುನಿವೆಂಕಟಮ್ಮ ಆಗಲೇ ನಿರ್ಧರಿಸಿದ್ದಳು. ಮುತ್ಯಾಲಮ್ಮನಿಗೆ ಕಾಲು ಊದಿ ನಿಲ್ಲಲಾಗುತ್ತಿರಲಿಲ್ಲ. ಆ ತಿಂಗಳು ಮಗ್ಗ ಬಿಡುವವಳಿದ್ದಳು. ಆಕೆಯ ಕೊನೆಯ ಸೀರೆ ಮಗ್ಗದ ಮೇಲಿತ್ತು. ದಾಳಿಂಬೆ ಬಣ್ಣದ ಒಡಲು, ಜರಿ ಅಂಚು. ಆ ಒಂದು ಸೀರೆಯಾದರೂ ನಾಲ್ಕು ಹಸಿರು ಎಳೆಯ ಸಮೇತ, ಮುತ್ಯಾಲಮ್ಮನ ಹೆಸರಿನ ಸಮೇತ ಹತ್ತು ಜನರ ಮುಂದೆ ತೂಗಬೇಕು. ಸೀರೆ ಮಾತ್ರ ಗೋಪಾಲಪ್ಪನದು. ಗೋಪಾಲಪ್ಪ ನಮ್ಮ ಎರಡು ಮುಷ್ಕರಗಳನ್ನು ತಿಂದು ಅರಗಿಸಿಕೊಂಡ ಆಸಾಮಿ.

"ಹೇಳು, ನಾಳೆನೇ ಶೆಡ್ಡಿನ ಮುಂದೆ ಐವತ್ತು ಜನ ನಿಲ್ಲಿಸ್ತೀನಿ" ಅಂದೆ.

"ಸುಮ್ನಿರಣ್ಣ. ನೀವು ಕೂಗ್ತೀರ, ಅವ್ರು ಕಿವಿ ಮುಚ್ಕೋತಾರೆ. ಸೀರೆ ಮಡಚಿದಂಗೇ ಇರ್ತದೆ. ಬೇಕಾದ್ರೆ ಬನ್ನಿ, ಬಾಯಿ ಬಿಡಬೇಡಿ."

ಸೀರೆ ಮಗ್ಗದಿಂದ ಇಳಿದ ಮೇಲೆ ಹೋದೆ, ಬಾಯಿ ಬಿಡಲಿಲ್ಲ. ಗೋಪಾಲಪ್ಪ ಮೇಜಿನ ಹತ್ತಿರ ಬಂದು ನನ್ನನ್ನು ಅನುಮಾನದಿಂದ ನೋಡಿ, ಸೀರೆಯ ಕಡೆ ನೋಡಿದರು.

"ಏನವ್ವಾ ಮುನಿವೆಂಕಟಮ್ಮ, ಮೂರು ದಿನದಿಂದ ಇಲ್ಲೇ ಐತಲ್ಲ ಇದು? ಕತ್ರಿ ಮೊಂಡಾಯ್ತಾ?"

"ಕತ್ರಿ ಚೆನ್ನಾಗೈತೆ ಸಾವ್ಕಾರ್ರೆ. ನನ್ ಕೈಲಾಗ್ತಿಲ್ಲ." ಕಾಲೇಜಿನ ಪ್ರದರ್ಶನದ ವಿಷಯ ಹೇಳಿದಳು. ಒಂದು ದಿನಕ್ಕೆ ಸೀರೆ ಬೇಕು ಅಂದಳು.

"ತಗೊಂಡೋಗು, ನಮ್ಗೂ ಪ್ರಚಾರ. ಆದ್ರೆ ಆ ದಾರ ತೆಗೆದು ತಗೊಂಡೋಗು. ಅದಿದ್ರೆ ಅಂಗಡಿಯೋರು ಡ್ಯಾಮೇಜು ಅಂತ ವಾಪಸ್ ಬಿಸಾಕ್ತಾರೆ."

ಆಕೆ ಕತ್ತರಿಯನ್ನು ಅವರ ಕೈಗಿಟ್ಟಳು. "ನೀವೇ ತೆಗೀರಿ. ನಾನು ಬ್ಯಾಡ ಅನ್ನಲ್ಲ."

ಗೋಪಾಲಪ್ಪ ಕನ್ನಡಕ ಹಾಕಿಕೊಂಡರು. ತುದಿ ಹುಡುಕಿದರು, ಸಿಗಲಿಲ್ಲ. ಇನ್ನೊಂದು ತುದಿ ನೋಡಿದರು, ಅದು ಸೆರಗು. ಮೂವತ್ತು ವರ್ಷ ಮಗ್ಗ ಇಟ್ಟ ಮನುಷ್ಯನಿಗೆ ತನ್ನ ಸೀರೆಯ ಗುರುತು ಎಲ್ಲಿರುತ್ತದೆಂದು ಗೊತ್ತಿರಲಿಲ್ಲ. ಮುನಿವೆಂಕಟಮ್ಮ ಸೀರೆ ಮಗುಚಿ, ಟ್ಯೂಬ್‌ಲೈಟಿನ ಕೆಳಗೆ ಎಳೆದು, ಬೆರಳಿಟ್ಟು ತೋರಿಸಿದಳು. ಅವರು ಬಗ್ಗಿದರು. ಬಗ್ಗಿದವರು ಬಹಳ ಹೊತ್ತು ಹಾಗೇ ಇದ್ದರು.

"ಹಿಂದುಗಡೆ ಇಷ್ಟು ನೀಟಾಗಿರ್ತದಾ?"

"ಎಲ್ರದೂ ಇರಲ್ಲ. ಇದು ಮುತ್ಯಾಲಮ್ಮಂದು. ನಮ್ ಬೈಲಪ್ಪಂದು ನೋಡಿದ್ರೆ ಕೋಳಿ ಕೆದರ್ದಂಗಿರ್ತದೆ."

ಮಗ್ಗದ ಕಡೆಯಿಂದ ಬೈಲಪ್ಪ ಕೂಗಿದ: "ಕೇಳಿಸ್ತು ಕಣಕ್ಕೋ!"

ಗೋಪಾಲಪ್ಪ ನಗಲಿಲ್ಲ. ಹಸಿರು ಎಳೆಯ ಮೇಲೆ ಉಗುರಾಡಿಸಿ, "ಬೈಲಪ್ಪಂದು ಯಾವ ಬಣ್ಣ? ಮತ್ತೆ ಪಿಳ್ಳಪ್ಪಂದು?" ಅಂತ ಕೇಳಿದರು. ಹದಿನಾರು ಬಣ್ಣವನ್ನೂ ಆಕೆ ಹೇಳಿದಳು. ಕೊನೆಗೆ ಅವರು ಕತ್ತರಿ ಮೇಜಿನ ಮೇಲಿಟ್ಟು, "ಭಾನುವಾರ ಸಂಜೆಗೆ ವಾಪಸ್ ತರಬೇಕು" ಅಂದು ಹೊರಟರು. ಅವರ ಮನಸ್ಸು ಕರಗಿತು ಅಂತ ನಾನು ಬರೆಯುವುದಿಲ್ಲ. ಒಂದು ಸೀರೆ ಬಿಟ್ಟುಕೊಟ್ಟರು, ಅಷ್ಟನ್ನು ಬರೆಯುತ್ತೇನೆ.

ಕಾಲೇಜಿನ ಹಾಲಿನಲ್ಲಿ ಎಲ್ಲರೂ ತಮ್ಮ ವಸ್ತುವನ್ನು ಗೋಡೆಗೆ ಹಾಕಿದ್ದರು. ಮುನಿವೆಂಕಟಮ್ಮ ಮಾತ್ರ ನಡುಮಧ್ಯೆ ಹಗ್ಗ ಕಟ್ಟಿಸಿ ಸೀರೆ ಇಳಿಬಿಟ್ಟಳು, ಜನ ಎರಡೂ ಕಡೆ ಸುತ್ತಲಿ ಅಂತ. ಕೆಳಗೆ ಒಂದು ರಟ್ಟು: "ನೇಯ್ದವರು: ಮುತ್ಯಾಲಮ್ಮ. ಇದು ಅವರ ಸಹಿ." ಅಲ್ಲಿಂದ ಹಸಿರು ಎಳೆಯ ತನಕ ಒಂದು ಬಾಣದ ಗುರುತು. ಅಕ್ಷರ ಬರೆದುಕೊಟ್ಟವಳು ಚಂದನ.

ಮುನಿವೆಂಕಟಮ್ಮ ಹತ್ತು ನಿಮಿಷ ಮಾತಾಡಬೇಕಿತ್ತು. ಮೂರೇ ನಿಮಿಷ ಮಾತಾಡಿದಳು. "ಇದನ್ನ ಹಿಂದಿನಿಂದ ನೋಡಿ. ಎರಡು ಕಡೆ ಎಳೆ ಹರಿದೈತೆ, ಮಗ್ಗ ನಿಲ್ಸಿ ಗಂಟು ಹಾಕವ್ರೆ. ಕಾಲು ಊದಿದ್ದಾಗ. ಇಲ್ಲಿಗೆ ಬರೋವರ್ಗೂ ನಾನು ಸೀರೆ ನೋಡ್ತಿದ್ದಿದ್ದು ತಪ್ಪು ಹುಡುಕಕ್ಕೆ. ಈಗ ನೋಡೋಕೇ ಅಂತ ನೋಡ್ತೀನಿ."

ಮುತ್ಯಾಲಮ್ಮನನ್ನು ಪ್ರಿಯಾಂಕ ಸ್ಕೂಟಿಯಲ್ಲಿ ಕರೆತಂದಳು. ಮುದುಕಿ ಸೀರೆಯ ಸುತ್ತ ನಿಧಾನಕ್ಕೆ ಒಂದು ಸುತ್ತು ಬಂದು, ರಟ್ಟನ್ನು ಯಾರಿಂದಲೋ ಓದಿಸಿಕೊಂಡು, ಮುನಿವೆಂಕಟಮ್ಮನ ತೋಳಿಗೆ ಗುದ್ದಿದಳು.

"ಲೇ, ಆ ಗಂಟೆಲ್ಲ ಊರಿಗೇ ತೋರಿಸಿ ಮಾನ ಕಳೆದ್ಯಲ್ಲೇ! ಮೊದಲೇ ಹೇಳಿದ್ರೆ ಇನ್ನೂ ಚೆನ್ನಾಗಿ ನೇಯ್ತಿದ್ದೆ."

ಹಾಗೆ ಬೈದವಳು ಹಾಲಿಗೆ ಬೀಗ ಹಾಕುವವರೆಗೂ ಸೀರೆಯ ಪಕ್ಕ ಕುರ್ಚಿ ಹಾಕಿಕೊಂಡು ಕೂತಿದ್ದಳು. ಬಂದವರಿಗೆಲ್ಲ ಹಸಿರು ಎಳೆ ತಾನೇ ತೋರಿಸಿದಳು.

ಸಂಜೆ ಸೀರೆ ವಾಪಸು ಹೋಯಿತು. ಮುನಿವೆಂಕಟಮ್ಮ ಎಳೆ ಕತ್ತರಿಸಲಿಲ್ಲ. ಗೋಪಾಲಪ್ಪ ಕತ್ತರಿಸು ಅನ್ನಲಿಲ್ಲ. ಅದು ಹಾಗೇ ಅಂಗಡಿಗೆ ಹೋಗಿದೆ, ಇಲ್ಲಿಯವರೆಗೆ ಡ್ಯಾಮೇಜು ಅಂತ ಯಾರೂ ವಾಪಸು ಕಳಿಸಿಲ್ಲ. ಆಮೇಲೆ ಇಳಿದ ಸೀರೆಗಳ ವಿಷಯಕ್ಕೆ ಶೆಡ್ಡಿನಲ್ಲಿ ದಿನಾ ಜಟಾಪಟಿ ನಡೆದಿದೆ. ಮುನಿವೆಂಕಟಮ್ಮ ಈಗ ಹತ್ತರಲ್ಲಿ ಎರಡು ಮೂರು ಸೀರೆಯ ಎಳೆ ಕತ್ತರಿಸದೆ ಮರೆತವಳಂತೆ ಬಿಡುತ್ತಾಳೆ. ಬೈಲಪ್ಪನ ಹಿಂಬದಿ ಮೊದಲಿಗಿಂತ ನೀಟಾಗಿದೆಯಂತೆ.

ದಾಳಿಂಬೆ ಬಣ್ಣದ ಆ ಸೀರೆ ನಿಮ್ಮ ಬೀರುವಿನಲ್ಲೇ ಇರಬಹುದು. ಎದ್ದು ಹೋಗಿ ತೆಗೆಯಿರಿ. ಮಗುಚಿ, ಸೊಂಟಕ್ಕೆ ಸಿಕ್ಕಿಸುವ ತುದಿ ನೋಡಿ. ನಾಲ್ಕು ಹಸಿರು ಎಳೆ ಸಿಕ್ಕಿದರೆ ಅದು ಮುತ್ಯಾಲಮ್ಮನದು, ಕತ್ತರಿಸಬೇಡಿ. ಸಿಗದಿದ್ದರೆ, ಮುಂದಿನ ಸಲ ಸೀರೆ ಕೊಳ್ಳಲು ಕೂತಾಗ ಬಣ್ಣ ಕೇಳುವ ಮೊದಲು, ರೇಟು ಕೇಳುವ ಮೊದಲು, ನೇಯ್ದವರು ಯಾರು ಅಂತ ಕೇಳಿ. ಹೆಸರು ಹೇಳುವವರೆಗೆ ಅಂಗಡಿಯಿಂದ ಏಳಬೇಡಿ.