ಮಾಸ್ತರ ಗಿಟಾರಿನ ಬೆನ್ನು

ಮೊನ್ನೆ ಕಾರವಾರದ ಅಂಗಡಿಯೊಂದರಲ್ಲಿ ಗೋಡೆಯಿಂದ ಇಳಿಸಿ ನನ್ನ ಕೈಗೆ ಕೊಟ್ಟ ಎಲೆಕ್ಟ್ರಿಕ್ ಗಿಟಾರಿನ ಮೈಮೇಲೆ ಅಲ್ಲಲ್ಲಿ ಬಣ್ಣ ಹೋಗಿತ್ತು. ಬಲಗೈ ಊರುವ ಕಡೆ ಅಂಗೈಯಗಲ ಮರ ಕಾಣುತ್ತಿತ್ತು. ಅಂಚು ಸವೆದಿತ್ತು, ಸ್ಕ್ರೂಗಳು ಮಂಕಾಗಿದ್ದವು. ಹಳೆಯದೇ ಎಂದು ಕೇಳಿದೆ. “ಅಲ್ಲ ಸರ್, ಹೊಸದು. ಫ್ಯಾಕ್ಟರಿಯಲ್ಲೇ ಹೀಗೆ ಸವೆಸಿ ಕಳಿಸ್ತಾರೆ. ಸವೆಸದೆ ಇದ್ದದ್ದು ಇದಕ್ಕಿಂತ ಕಡಿಮೆಗೆ ಸಿಗ್ತದೆ” ಎಂದ ಅಂಗಡಿಯವ. ಕಾಲೇಜಿಗೆ ಹೋಗುವ ನನ್ನ ಮಗಳು ತನಗೆ ಅದೇ ಬೇಕೆಂದು ಪಕ್ಕದಲ್ಲಿ ನಿಂತಿದ್ದಳು. ನಾನು ಬಣ್ಣ ಹೋದ ಜಾಗದ ಮೇಲೆ ಬೆರಳಾಡಿಸಿದೆ. ಹಾರವಾಡದ ಮಾಸ್ತರು ನೆನಪಾದರು...

ಅವರು ಯಾವ ಶಾಲೆಯಲ್ಲೂ ಕಲಿಸಿದವರಲ್ಲ. ಕಡಲಿಗೆ ಹೋಗುವ ಮನೆತನ. ಬೋಟು, ಬಲೆ ಎಂದು ವಾರವಿಡೀ ದುಡಿದು, ಕಾರ್ಯಕ್ರಮವಿದ್ದ ದಿನ ಅಂಕೋಲೆಯ ನಮ್ಮ ಆರ್ಕೆಸ್ಟ್ರಾದಲ್ಲಿ ಲೀಡ್ ಗಿಟಾರ್ ಬಾರಿಸುತ್ತಿದ್ದರು. ಹಾಗೆ ಬಾರಿಸುವವರು ನಮ್ಮ ಕಡೆ ಬೇರೆ ಯಾರೂ ಇಲ್ಲದ್ದರಿಂದ ಎಲ್ಲರಿಗೂ ಮಾಸ್ತರಾದರು. ನಾನಾಗ ಕದ್ರಾದ ವಿದ್ಯುತ್ ಕೇಂದ್ರದಲ್ಲಿ ಗುಮಾಸ್ತ. ರಜೆಗೆ ಅಂಕೋಲೆಯ ಮನೆಗೆ ಬಂದಾಗ ಅವರ ಪಕ್ಕ ನಿಂತು ರಿದಮ್ ಬಾರಿಸುತ್ತಿದ್ದೆ. ಉಳಿದವರೆಲ್ಲ ಸ್ಟೇಜಿಗೆ ಹೊಳೆಯುವ ಶರ್ಟು, ಇಸ್ತ್ರಿ ಪ್ಯಾಂಟು ಹಾಕಿದರೆ ಮಾಸ್ತರದ್ದು ಮೇಲೆ ಹೊಳೆಯುವ ಶರ್ಟು, ಕೆಳಗೆ ಚೌಕುಳಿ ಲುಂಗಿ. ಕೀಬೋರ್ಡಿನ ಹಿಂದೆ ನಿಂತು ಬಿಡುತ್ತಿದ್ದುದರಿಂದ ಜನರಿಗೆ ಕಾಣುತ್ತಿರಲಿಲ್ಲ. ನಮಗಂತೂ ಅಭ್ಯಾಸವಾಗಿ ಹೋಗಿತ್ತು.

ಅವರ ಗಿಟಾರು ಒಂದು ಕಾಲಕ್ಕೆ ಕೆಂಪಗಿತ್ತಂತೆ. ಮದುವೆಗೂ ಮೊದಲು ಗೋವಾದ ಹೋಟೆಲಿನ ಬ್ಯಾಂಡಿನವನೊಬ್ಬ ತರಿಸಿ ಬಾರಿಸದೆ ಇಟ್ಟಿದ್ದನ್ನು ತೆಗೆದುಕೊಂಡದ್ದು. ನಾನು ನೋಡುವಷ್ಟರಲ್ಲಿ ಅರ್ಧ ಕೆಂಪು, ಅರ್ಧ ಮರ. ಮೊಣಕೈ ಹತ್ತಿರ ಬಣ್ಣ ಪೂರಾ ಹೋಗಿತ್ತು. ತಂತಿಯ ಕೆಳಗೆ ಬೆರಳೂರುವ ಪಟ್ಟಿಯಲ್ಲಿ ಸಣ್ಣ ಸಣ್ಣ ಗುಳಿ ಬಿದ್ದಿದ್ದವು. ಆ ಗಿಟಾರಿನ ಮೇಲೆ ನನಗೆ ಎಷ್ಟು ಆಸೆಯಿತ್ತೆಂದರೆ, ಮಾಸ್ತರು ನೀರು ಕುಡಿಯಲು ಹೋದಾಗ ಸುಮ್ಮನೆ ಅದರ ಕುತ್ತಿಗೆ ಮುಟ್ಟಿ ಬರುತ್ತಿದ್ದೆ.

ಒಂದು ವರ್ಷ ಮಳೆಗಾಲಕ್ಕೆ ಮುಂಚೆ ಬಲೆಯ ಹಗ್ಗದಲ್ಲಿ ಸಿಕ್ಕಿ ಅವರ ಎಡಗೈಯ ಎರಡು ಬೆರಳು ಜಜ್ಜಿ ಹೋದವು. ಗಾಯ ಮಾಯಿತು, ಬೆರಳು ಮಡಚಲಿಲ್ಲ. ನನ್ನನ್ನು ಮನೆಗೆ ಕರೆದರು.

“ತಮಾ, ಇದ್ನ ನೀನೇ ತಕಂಡ್ ಹೋಗು. ಗೋಡೆ ಮೇಲೆ ಇಟ್ಕಂಡ್ ನಾ ಎಂತ ಮಾಡೂದು?”

“ಎಷ್ಟು ಕೊಡ್ಬೇಕು ಮಾಸ್ತರೇ?”

“ನಿಂಗೆ ಸರಿ ಕಂಡಷ್ಟು ಕೊಡು. ನಾ ಕೇಳೂದಿಲ್ಲ.”

ಬೇರೆಯವರಾದರೆ ಅಲ್ಲೇ ಕಾಲಿಗೆ ಬೀಳುತ್ತಿದ್ದರು. ನನ್ನದು ಹುಟ್ಟಾ ಅನುಮಾನದ ಬುದ್ಧಿ. ಮೀನು ಕೊಳ್ಳುವಾಗ ಕಿವಿರು ಎತ್ತಿ ನೋಡಿದ ಮೇಲೂ ಮೂಸಿ ನೋಡುವವ ನಾನು. ಬಸ್ಸಿನಲ್ಲಿ ಯಾರಾದರೂ ಎದ್ದು ಸೀಟು ಬಿಟ್ಟುಕೊಟ್ಟರೆ ಮೊದಲು ಸೀಟು ಒದ್ದೆಯಿದೆಯೇ ಎಂದು ಕೈಯಿಟ್ಟು ನೋಡುತ್ತೇನೆ. ಮೂವತ್ತು ವರ್ಷ ಬಾರಿಸಿದ ಗಿಟಾರನ್ನು ಬೆಲೆಯನ್ನೂ ಹೇಳದೆ ಕೊಡುತ್ತಾರೆಂದರೆ ಅದರಲ್ಲಿ ಏನೋ ಇರಬೇಕು ಅನಿಸಿತು. ಒಂದು ವಾರ ಬಾರಿಸಿ ನೋಡಿ ಹೇಳುತ್ತೇನೆ ಎಂದು ಗಿಟಾರು ಹೊತ್ತುಕೊಂಡು ಬಂದೆ. ಹೊರಡುವಾಗ ಅವರ ಮನೆಯ ಚಪ್ಪರದಲ್ಲಿ ಕಂತೆಗಟ್ಟಲೆ ಪಾಲಿಶ್ ಪೇಪರ್ ಕಂಡಿತು. ಮರಗೆಲಸದವರು ಮರ ಉಜ್ಜುವ ಆ ಒರಟು ಕಾಗದ ಇವರಿಗೇಕೆ ಎಂಬ ಪ್ರಶ್ನೆ ದಾರಿಯುದ್ದಕ್ಕೂ ತಲೆಯಲ್ಲಿ ಕೊರೆಯಿತು. ಮೀನುಗಾರರು ಪ್ರತಿ ಮಳೆಗಾಲದಲ್ಲೂ ಬೋಟಿನ ಮೈ ಉಜ್ಜಿ ಬಣ್ಣ ಹೊಡೆಯುತ್ತಾರೆಂಬುದು ನನಗೆ ಗೊತ್ತಿರದ ವಿಷಯವೇನಲ್ಲ. ಆದರೆ ಅನುಮಾನ ಹತ್ತಿದವನಿಗೆ ಗೊತ್ತಿದ್ದದ್ದೂ ಮರೆತು ಹೋಗುತ್ತದೆ.

ಆಗಿನ್ನೂ ಇಂಟರ್ನೆಟ್ ನೋಡಲು ಕಾರವಾರದ ಸೈಬರ್ ಕೆಫೆಗೆ ಹೋಗಬೇಕಿತ್ತು. ಗಂಟೆಗಟ್ಟಲೆ ಕೂತು ಓದಿದೆ. ಹೊಸ ಗಿಟಾರನ್ನು ಹಳೆಯದೆಂದು ತೋರಿಸಲು ಉಜ್ಜುತ್ತಾರಂತೆ, ಬರಿ ಮರಕ್ಕೆ ಚಹಾದ ಡಿಕಾಕ್ಷನ್ ಬಳಿಯುತ್ತಾರಂತೆ, ಸ್ಕ್ರೂಗಳಿಗೆ ಉಪ್ಪುನೀರು ಹಚ್ಚಿ ತುಕ್ಕು ಹಿಡಿಸುತ್ತಾರಂತೆ. ನಿಜವೋ ಸುಳ್ಳೋ ತಿಳಿಯಲು ಗಿಟಾರನ್ನು ತಿರುಗಿಸಿ ಬೆನ್ನು ನೋಡಬೇಕು ಎಂದಿತ್ತು. ನಿಂತು ಬಾರಿಸುವವನ ಬೆಲ್ಟಿನ ಬಕಲ್ ತಾಗಿ ತಾಗಿ ಹಳೆಯ ಗಿಟಾರಿನ ಬೆನ್ನು ಗೀರುಗೀರಾಗಿರುತ್ತದೆ, ಮೋಸ ಮಾಡುವವರು ಮುಂದಿನ ಭಾಗವನ್ನಷ್ಟೇ ಸವೆಸಿ ಬೆನ್ನು ಮರೆಯುತ್ತಾರೆ ಎಂದು ಬರೆದಿದ್ದರು.

ಮನೆಗೆ ಬಂದವನೇ ಮಾಸ್ತರ ಗಿಟಾರನ್ನು ಹಾಸಿಗೆಯ ಮೇಲೆ ಬೋರಲು ಮಲಗಿಸಿದೆ. ಬೆನ್ನು ಕನ್ನಡಿಯಂತೆ ಹೊಳೆಯುತ್ತಿತ್ತು. ಒಂದೇ ಒಂದು ಗೀರಿಲ್ಲ. ಸ್ಕ್ರೂಗಳೂ ಅಷ್ಟೇ, ಒಂದು ಬದಿಯವು ತುಕ್ಕು ತಿಂದಿವೆ, ಇನ್ನೊಂದು ಬದಿಯವು ಚೆನ್ನಾಗಿವೆ. ಕಳ್ಳ ಸಿಕ್ಕಿಬಿದ್ದಷ್ಟು ಖುಷಿಯಾಯಿತು ನನಗೆ, ನಾಚಿಕೆ ಬಿಟ್ಟು ಹೇಳುತ್ತೇನೆ. ಆದರೂ ಖಾತ್ರಿಯಾಗಲಿ ಎಂದು ಮೊಣಕೈ ಊರುವ ಕಡೆ, ಬಣ್ಣ ಹೋದ ಮರದ ಮೇಲೆ ಬ್ಲೇಡಿನಿಂದ ಒಂದು ಗೀರು ಎಳೆದೆ. ಬೆವರು ಕುಡಿದ ಮರವಾದರೆ ಒಳಗೂ ಕಪ್ಪಗಿರಬೇಕಿತ್ತು. ಒಳಗೂ ಕಪ್ಪಗೇ ಇತ್ತು. ಹಾಗಾದರೆ ಚಹಾ ಚೆನ್ನಾಗಿಯೇ ಇಳಿದಿದೆ ಎಂದುಕೊಂಡೆ.

ಅಷ್ಟಕ್ಕೆ ಸುಮ್ಮನಿರಬಹುದಿತ್ತು. ಅಂಕೋಲೆಯ ಬಸ್ ಸ್ಟ್ಯಾಂಡಿನ ಚಹಾದಂಗಡಿಯಲ್ಲಿ ನಮ್ಮ ಡ್ರಮ್ಮಿನವನಿಗೆ ಹೇಳಿದೆ. ಅವನು ಕೀಬೋರ್ಡಿನವನಿಗೆ ಹೇಳಿದ. ವಾರ ಮುಗಿಯುವುದರೊಳಗೆ ಅದು ಆರ್ಕೆಸ್ಟ್ರಾದವರ ಬಾಯಲ್ಲೆಲ್ಲ “ಪಾಲಿಶ್ ಪೇಪರ್ ಗಿಟಾರು” ಆಗಿತ್ತು. ಒಂದು ಕಾರ್ಯಕ್ರಮದಲ್ಲಂತೂ ನಿರೂಪಕ ಮೈಕಿನಲ್ಲೇ ಹಾಗೆಂದು ನಗೆಯಾಡಿದ. ಮಾಸ್ತರು ಆ ದಿನ ಹಾಡು ಕೇಳಲು ಬಂದು ಮುಂದಿನ ಸಾಲಿನಲ್ಲಿ ಕೂತಿದ್ದರು...

ಗಿಟಾರು ವಾಪಸು ಕೊಡಲು ಹೋದಾಗ ಅವರು ಆ ಮಾತು ಎತ್ತಲಿಲ್ಲ. ನಾನೇ ತಡೆಯಲಾರದೆ ಕೇಳಿದೆ.

“ಇದ್ರ ಬೆನ್ನು ಯಾಕೆ ಇಷ್ಟು ನುಣ್ಣಗೆ ಉಂಟು ಮಾಸ್ತರೇ?”

ಅವರಿಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. “ಬೆನ್ನಿಗೆ ಎಂತ ಆಗ್ತದೆ? ನಾ ಬಾರ್ಸೂದು ಮುಂದಲ್ದಾ?” ಎಂದರು. ಮತ್ತೆ ಗಿಟಾರನ್ನು ತೊಡೆಯ ಮೇಲಿಟ್ಟು, ಸೊಟ್ಟ ಬೆರಳುಗಳಿಂದ ಅದರ ಮೈ ಸವರುತ್ತ ಬಂದವರು ಬ್ಲೇಡಿನ ಗೀರಿನ ಮೇಲೆ ಕೈ ನಿಲ್ಲಿಸಿದರು.

“ಇದು?”

“ಅದು ಮೊದ್ಲೇ ಇತ್ತು ಮಾಸ್ತರೇ.”

ಮೂವತ್ತು ವರ್ಷ ಆ ಜಾಗದ ಮೇಲೆ ಕೈಯೂರಿದವರು ನನ್ನ ಮುಖ ನೋಡಿದರು. “ಇರ್ಬೋದು” ಎಂದರು. ಅವರ ಹೆಂಡತಿ ಚಹಾ ತಂದರು. ನಾನು ಕುಡಿದು ಎದ್ದು ಬಂದೆ. ಅವರು ಸುಳ್ಳು ಹೇಳುತ್ತಿದ್ದಾರೆಂದೇ ಆಗಲೂ ನಂಬಿದ್ದೆ.

ಜುಲೈ ತಿಂಗಳ ಒಂದು ಭಾನುವಾರ, ಮಳೆ ಬಿಡದೆ ಹೊಡೆಯುತ್ತಿತ್ತು. ಪ್ಯಾಂಟೊಂದೂ ಒಣಗದೆ ಅಪ್ಪನ ಲುಂಗಿ ಉಟ್ಟಿದ್ದೆ. ಹೊತ್ತು ಹೋಗದೆ ನನ್ನ ಗಿಟಾರನ್ನು ಕೊರಳಿಗೆ ಹಾಕಿಕೊಂಡು ಎದ್ದು ನಿಂತೆ. ಯಾವಾಗಲೂ ಹೊಟ್ಟೆಯ ಹತ್ತಿರ ಕಟಕಟ ಅನ್ನುತ್ತಿದ್ದದ್ದು ಅಂದು ಅನ್ನಲಿಲ್ಲ. ಕೆಳಗೆ ನೋಡಿದೆ. ಬೆಲ್ಟಿಲ್ಲ, ಬಕಲ್ಲಿಲ್ಲ. ಹತ್ತಿಯ ಲುಂಗಿಯ ಗಂಟು ಮೆತ್ತಗೆ ಗಿಟಾರಿನ ಬೆನ್ನು ಒರೆಸುತ್ತಿತ್ತು. ಎಷ್ಟೋ ಸ್ಟೇಜುಗಳಲ್ಲಿ ನನ್ನ ಪಕ್ಕದಲ್ಲೇ ನಿಂತಿದ್ದ ಚೌಕುಳಿ ಲುಂಗಿ ಕಣ್ಣ ಮುಂದೆ ಬಂತು. ಅನ್ನ ತಿನ್ನುವವನಿಗೆ ಅಷ್ಟೂ ಹೊಳೆಯಬಾರದೇ? ನನಗೆ ಅಳು ಬಂತು, ಅದಕ್ಕಿಂತ ಹೆಚ್ಚಾಗಿ ಹೆದರಿಕೆಯಾಯಿತು.

ಕೊಡೆ ಹಿಡಿದು ಹಾರವಾಡಕ್ಕೆ ಹೋದೆ. ತಪ್ಪಾಯಿತು ಎನ್ನಬೇಕು, ಆರ್ಕೆಸ್ಟ್ರಾದವರೆಲ್ಲರ ಎದುರಿಗೂ ಹೇಳುತ್ತೇನೆ ಎನ್ನಬೇಕು ಎಂದು ದಾರಿಯಲ್ಲಿ ಮಾತು ಜೋಡಿಸಿಕೊಂಡಿದ್ದೆ. ಅವರ ಮನೆ ಹತ್ತಿರವಾಗುತ್ತಿದ್ದಂತೆ ಬಣ್ಣದ ವಾಸನೆ ಮೂಗಿಗೆ ಬಂತು. ಕಡಲಿಗೆ ಇಳಿಯಲು ಇನ್ನೂ ದಿನವಿತ್ತು, ಚಪ್ಪರದ ಕೆಳಗೆ ಎಳೆದಿಟ್ಟ ಬೋಟಿಗೆ ಹೊಸ ನೀಲಿ ಬಣ್ಣ ಹೊಡೆದಿದ್ದರು. ಜಗಲಿಯಲ್ಲಿ ಕಡಲಿನ ಕಡೆಯ ಕಿಟಕಿಯ ಪಕ್ಕ ಒಂದು ಮೊಳೆ ಖಾಲಿಯಿತ್ತು. ಗಿಟಾರು ಅಷ್ಟೂ ವರ್ಷ ತೂಗಿದ್ದು ಅಲ್ಲಿ. ಉಪ್ಪು ಗಾಳಿ ತಾಗುತ್ತಿದ್ದದ್ದು ಅದರ ಒಂದೇ ಬದಿಗೆ.

ಗಿಟಾರು ಬೋಟಿನ ಪಕ್ಕದಲ್ಲಿ ಹಗ್ಗಕ್ಕೆ ನೇತಾಡುತ್ತಿತ್ತು. ಪೂರಾ ನೀಲಿ. ಹಳೆಯ ಕೆಂಪೆಲ್ಲ ಉಜ್ಜಿ ತೆಗೆದು, ಬೆವರು ಕುಡಿದ ಮರವನ್ನೂ ಬೆಳ್ಳಗಾಗುವ ತನಕ ಉಜ್ಜಿ, ಬೋಟಿಗೆ ಹೊಡೆದು ಉಳಿದ ಬಣ್ಣವನ್ನು ಎರಡು ಕೋಟ್ ಹೊಡೆದಿದ್ದರು.

“ಈಗ ಹೊಸದಾಯ್ತು ತಮಾ” ಎಂದರು ಮಾಸ್ತರು, ಬ್ರಶ್ಶು ಸೀಮೆಎಣ್ಣೆಯಲ್ಲಿ ಅದ್ದುತ್ತ. “ಹೊಸದ್ರ ಮೇಲೆ ಯಾರೂ ಡೌಟ್ ತಗಳೂದಿಲ್ಲ.”

ನಾನು ಹತ್ತಿರ ಹೋಗಿ ಮುಟ್ಟಿದೆ. ಬಣ್ಣ ಒಣಗಿತ್ತು. ಮೊಣಕೈ ಊರುವಲ್ಲಿ, ನೀಲಿಯ ಕೆಳಗೆ, ಬೆರಳಿಗೆ ಒಂದು ಸಣ್ಣ ಕಾಲುವೆ ಸಿಕ್ಕಿತು.

“ಅದೊಂದು ಹಾಗೇ ಬಿಟ್ಟೆ” ಎಂದರು. “ಮೊದ್ಲೇ ಇತ್ತು ಅಂದ್ಯಲಾ ನೀನು.”

ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ನಾನು ಕ್ಷಮೆ ಕೇಳುತ್ತಿದ್ದೆನೇನೋ. ಮಳೆ ಜೋರಾಯಿತು ಎಂದು ಏನೋ ಹೇಳಿ ಹೊರಟು ಬಂದೆ. ಆಮೇಲೆ ನಾನು ಆರ್ಕೆಸ್ಟ್ರಾಕ್ಕೆ ಹೋಗುವುದನ್ನೇ ಬಿಟ್ಟೆ. ಕೆಲವು ವರ್ಷಗಳ ನಂತರ ಮಾಸ್ತರು ತೀರಿಕೊಂಡ ಸುದ್ದಿ ಕದ್ರಾಕ್ಕೆ ಮುಟ್ಟುವಾಗ ಎಲ್ಲ ಮುಗಿದಿತ್ತು. ನೀಲಿ ಗಿಟಾರು ಎಲ್ಲಿ ಹೋಯಿತೋ... ಕೇಳುವ ಮುಖ ನನಗಿರಲಿಲ್ಲ.

ಅಂಗಡಿಯಲ್ಲಿ ಮಗಳು ನನ್ನ ಮೊಣಕೈ ಅಲುಗಿಸಿದಳು. “ಅಪ್ಪಾ, ತಗೊಳ್ಳೂದೋ ಬೇಡ್ವೋ?” ನಾನು ಗಿಟಾರನ್ನು ಮೆಲ್ಲಗೆ ತಿರುಗಿಸಿ ಬೆನ್ನು ನೋಡಿದೆ. ಸರಿಯಾಗಿ ನಡುವೆ, ಬೆಲ್ಟಿನ ಬಕಲ್ ತಾಗುವ ಜಾಗದಲ್ಲಿ, ಫ್ಯಾಕ್ಟರಿಯವರು ಒತ್ತೊತ್ತಾಗಿ ಗೀರು ಎಳೆದಿದ್ದರು. ಸ್ಕ್ರೂಗಳಿಗೆ ಎರಡೂ ಬದಿಯಲ್ಲಿ ಸಮನಾಗಿ ತುಕ್ಕು. ಅಂದು ನಾನು ಮಾಡಿದ ಎಲ್ಲ ಪರೀಕ್ಷೆಗಳಲ್ಲೂ ಇದು ಪಾಸಾಗುತ್ತಿತ್ತು.

ನಾನು ಅಷ್ಟು ಹೊತ್ತು ಬೆನ್ನನ್ನೇ ನೋಡುತ್ತಿದ್ದುದನ್ನು ಕಂಡು ಅಂಗಡಿಯವ, “ಏನಾದ್ರೂ ಡೌಟ್ ಉಂಟಾ ಸರ್?” ಎಂದು ಕೇಳಿದ.

ಇಲ್ಲ ಎಂದೆ.