ಒಂಬತ್ತನೇ ತಿರುವಿನ ಉಂಗುರ

ವಿಗಿಲ್ ಗೋಚ್‌ನಷ್ಟು ಕೋಟೆ ಕಟ್ಟಿದ ರಾಜ ಯಾರೂ ಇಲ್ಲ. ಕಟ್ಟಿದ್ದೆಲ್ಲ ಪ್ರತಿ ಮಾರ್ಚ್‌ನಲ್ಲಿ ನೀರಾಗಿ ಹರಿದರೂ ನಗುವ ರಾಜನಂತೂ ಇಲ್ಲವೇ ಇಲ್ಲ. ದಕ್ಷಿಣ ಟಿರೋಲಿನಲ್ಲಿ ಸೇಬಿನ ತೋಟ ನೋಡಿಕೊಂಡಿರುವ ಈ ಕುಳ್ಳ, ನವೆಂಬರ್ ಬಂತೆಂದರೆ ನಮ್ಮ ಹದಿನಾಲ್ಕು ಜನರ ಸೇನೆಯೊಂದಿಗೆ ಗಡಿ ದಾಟಿ ಪಕ್ಕದ ದೇಶದ ಎಂಗಡೀನ್ ಕಣಿವೆಗೆ ದಂಡೆತ್ತಿ ಬರುತ್ತಾನೆ. ಆಯುಧ ಸನಿಕೆ, ಮದ್ದುಗುಂಡು ಹಿಮ ಮತ್ತು ನೀರು. ಮೂರೇ ವಾರದಲ್ಲಿ ಮಂಜುಗಡ್ಡೆಯ ಜಾರುದಾರಿ ಸಿದ್ಧ. ಬಾಬ್‌ಸ್ಲೆಡ್‌ನವರು ಜಾರುಬಂಡಿಯಲ್ಲಿ ಕೂತುಕೊಂಡು, ಸ್ಕೆಲಿಟನ್‌ನವರು ಚಪ್ಪಟೆ ಜಾರುಹಲಗೆಯ ಮೇಲೆ ತಲೆ ಮುಂದಾಗಿ ಬೋರಲು ಮಲಗಿಕೊಂಡು, ಗುಂಡಿನಂತೆ ಅದರಲ್ಲಿ ಇಳಿಯುತ್ತಾರೆ.

ಆ ವರ್ಷ ವಿಶ್ವ ಚಾಂಪಿಯನ್‌ಷಿಪ್. ಎರಡು ದಿನ ಇದೆ ಎನ್ನುವಾಗ ಒಂಬತ್ತನೇ ತಿರುವಿನ ಗೋಡೆ ಬಿಸಿಲಿಗೆ ಮೊರದಗಲ ಕುಸಿಯಿತು. ಹಿಮಕ್ಕೆ ನೀರು ಕಲಸಿ ಮೆತ್ತಿದೆವು. ಒಳಪದರವೂ ಕೊನೆಯ ನುಣುಪೂ ವಿಗಿಲ್‌ನ ಬರಿಗೈಯದು; ಕೈಗವಸು ಅವನ ಪ್ರಕಾರ ಹೇಡಿಗಳ ಉಡುಪು. ಸಂಜೆ ಸಾರು ಕುಡಿಯುವಾಗ ನೋಡಿಕೊಂಡರೆ ಮದುವೆಯ ಉಂಗುರವೇ ಇಲ್ಲ. ಚಳಿಗೆ ಬೆರಳು ಸೊರಗಿ ಜಾರಿಹೋಗಿತ್ತು.

ಬೆಳಿಗ್ಗೆ ಹೋಗಿ ನೋಡಿದೆವು. ಗೋಡೆಯಲ್ಲಿ ನಾಲ್ಕು ಬೆರಳು ಆಳದಲ್ಲಿ ಮಬ್ಬಾಗಿ ಹೊಳೆಯುತ್ತಿತ್ತು.

“ಮೇಸ್ತ್ರಿ, ಗೋಡೇನೇ ಮದುವೆ ಆಗ್ಬಿಟ್ಯಲ್ಲೋ,” ಎಂದೆ. “ಬುರ್ಗಾ ಅಕ್ಕಂಗೆ ಏನ್ ಹೇಳ್ತೀಯ?”

“ನಾಳೆ ಅವಳೇ ಬರ್ತಿದಾಳೆ ಮಾರಾಯ. ಮದುವೆಯಾಗಿ ಮೂವತ್ತು ವರ್ಷ ಆಯ್ತು ಅಂತ ಕೇಕ್ ಬೇರೆ.”

“ಕೆತ್ತಿ ತೆಗಿ ಮತ್ತೆ.”

“ಕೆತ್ತಿದ್ರೆ ತಿರುವೇ ಹೋಯ್ತು. ಜಗತ್ತೆಲ್ಲ ಬಂದು ಕೂತಿದೆ.”

ನಮ್ಮ ವೀರ ಮೇಸ್ತ್ರಿಯ ಸನಿಕೆ ಎರಡು ಸಲ ಮೇಲೆದ್ದಿತು, ಎರಡು ಸಲವೂ ಇಳಿಯಿತು.

ಮರುದಿನ ಬುರ್ಗಾ ಬಸ್ಸಿಳಿದವಳೇ ಗಂಡನ ಕೈ ನೋಡಿದಳು. ಕೇಕಿನ ಡಬ್ಬಿ ಬೆನ್ನ ಹಿಂದೆ ಹೋಯಿತು.

“ಎಲ್ಲಿ?”

ಸ್ಪರ್ಧೆಗೆ ಇನ್ನೂ ಒಂದು ಗಂಟೆಯಿತ್ತು. ವಿಗಿಲ್ ಶಿಕ್ಷೆಗೆ ಹೊರಟವನಂತೆ ಅವಳನ್ನು ಗೋಡೆಯ ಬಳಿಗೆ ಕರೆತಂದು, “ನೀನು ಹೂಂ ಅಂದ್ರೆ ಈಗ್ಲೇ ಕೆತ್ತಿ ಕೊಡ್ತೀನಿ,” ಎಂದ.

ಅವಳು ಮಂಜುಗಡ್ಡೆಗೆ ಮೂಗು ತಾಗಿಸಿ ನೋಡಿದಳು. ಗೋಡೆಯ ನುಣುಪನ್ನೂ ಸವರಿ ನೋಡಿದಳು.

“ಸನಿಕೆ ಮುಟ್ಟಿದ್ರೆ ನೋಡು. ಇಂಥ ಗೋಡೆ ಒಡೆದ್ರೆ ನಾನು ಊರಲ್ಲಿ ಹೇಗೆ ತಲೆ ಎತ್ಕೊಂಡು ಓಡಾಡ್ಲಿ? ಅದು ಕರಗೋವರೆಗೆ ಮಾತ್ರ ನೀನು ಮನೆಗೆ ಬರೋ ಹಾಗಿಲ್ಲ.”

ಎರಡು ದಿನ ಇಪ್ಪತ್ತು ದೇಶಗಳ ಶೂರರು ಆ ಉಂಗುರದ ಮೇಲೆಯೇ ಹಾರಿಹೋದರು. ಒಬ್ಬೊಬ್ಬರು ದಾಟಿದಾಗಲೂ ಬುರ್ಗಾ ಬೇಲಿಯಾಚೆ ನಿಂತು ಕೇಕ್ ತಿನ್ನುತ್ತಾ ಚಪ್ಪಾಳೆ ತಟ್ಟಿದಳು.

ಮಾರ್ಚ್‌ನಲ್ಲಿ ನಾವೆಲ್ಲ ಊರಿಗೆ ಹೊರಟೆವು. ವಿಗಿಲ್ ಮಾತ್ರ ಹಿಟ್ಟಿನ ಜರಡಿ ಹಿಡಿದು ತಿರುವಿನ ಕೆಳಗೆ ಒಂಬತ್ತು ದಿನ ಕಾವಲು ಕೂತ. ಹತ್ತನೆಯ ದಿನ ಗೆದ್ದ ಉಂಗುರದೊಂದಿಗೆ ಮನೆ ಬಾಗಿಲಿಗೆ ಬಂದ. ಬುರ್ಗಾ ತೊಡಿಸಹೋದರೆ ಅದು ಗೆಣ್ಣು ದಾಟಲಿಲ್ಲ. ಕಾವಲಿನಲ್ಲಿ ಬೇರೆ ಕೆಲಸವಿಲ್ಲದೆ ತಿಂದ ಬ್ರೆಡ್ಡಿನ ಉಂಡೆಗಳೆಲ್ಲ ಬೆರಳಿಗೇ ಇಳಿದಿದ್ದವು.

“ಆ ಗೋಡೆಗೇ ಸರಿಯಾಗಿತ್ತು ಕಣೋ,” ಎಂದು ಅವಳು ಸೋಪು ತರಲು ಒಳಗೆ ಹೋದಳು.