ಟೀಚರ್ ಅವರ ಎಡಗಿವಿ

ಸಿಟ್ಟು ಬಂದರೆ ನಮ್ಮ ಟೀಚರ್ ಅವರ ಎಡಗಿವಿಯೊಂದೇ ಕೆಂಪಾಗುತ್ತಿತ್ತು. ಅದರ ಮೇಲಿನ ಬೆಂಡೋಲೆ ನಡುಗುತ್ತಿತ್ತು. ಬಲಗಿವಿ ಅವರಿಗೆ ಕೇಳುತ್ತಿರಲಿಲ್ಲ. ಅಂದು ಕಡಲತಡಿಯ ಉಪ್ಪುಂದದಲ್ಲಿ ಒಂದು ಮನೆಯ ಜಗಲಿಯಲ್ಲಿ ನಾವು ಮೂವರೇ ಇದ್ದೆವು: ಮೀನುಗಾರರ ವಿಧವೆಯರ ಕುರಿತ ನನ್ನ ಸಂಶೋಧನೆಯ ಮಾರ್ಗದರ್ಶಕಿಯಾದ ಬಸ್ರೂರಿನ ಈ ಟೀಚರ್, ನಾನು ಮತ್ತು ದೋಣಿ ಮಗುಚಿ ಗಂಡನನ್ನು ಕಳೆದುಕೊಂಡಿದ್ದ ಮೀನು ಮಾರುವ ಅಕ್ಕ. ಟೀಚರ್ ಎಡಗಿವಿಯನ್ನು ಅಕ್ಕನ ಬಾಯಿಯ ಹತ್ತಿರವೇ ಹಿಡಿದು ಕುಳಿತಿದ್ದರು.

ಫಿನಾಮಿನಾಲಜಿ ಎಂಬ ನಮ್ಮ ಸಂಶೋಧನಾ ವಿಧಾನದ ಬಗ್ಗೆ ಪುಸ್ತಕಗಳಲ್ಲಿ ಏನೇನೋ ಇದೆ. ಟೀಚರ್ ನನಗೆ ಹೇಳಿಕೊಟ್ಟದ್ದು ಇಷ್ಟೇ: “ಚಪ್ಪಲ್ ಬಿಟ್ಟಲ್ಲೇ ನಿನ್ನ ಅಭಿಪ್ರಾಯನೂ ಬಿಟ್ಟ್ ಬಾ, ಹೆಣ್ಣೇ. ಅವ್ರ್ ಬದುಕಿದ್ದ್ ಹ್ಯಾಂಗೆ ಅಂತ ಅವ್ರೇ ಹೇಳ್ಲಿ.” ಅಂದು ಜಗಲಿಯಲ್ಲಿ ನಾನು ಅಕ್ಕನಿಗೆ ಸಮಾಧಾನ ಹೇಳಲು ಬಾಯಿ ತೆರೆದರೆ ಟೀಚರ್ ನನ್ನ ತೊಡೆ ಚಿವುಟಿದರು. ಆಮೇಲೆ ಅಕ್ಕ ಹೇಳಿದರು:

“ಟೀಚರೇ, ಮುಂಚೆ ಮಾರ್ಕೆಟಂಗೆ ದಿನಾ ನನ್ ಜಗಳ ಇತ್ತ್. ನಾ ಬೈತಿದ್ದೆ, ಅವ್ರೂ ಬೈತಿದ್ರ್. ಈಗ ನಾ ಎಂತ ಹೇಳ್ರೂ ‘ಆಯ್ತ್, ಆಯ್ತ್’ ಅಂಬ್ರ್. ಒಬ್ರೂ ಜಗಳಕ್ ಬತ್ತಿಲ್ಲೆ. ಗಂಡನೊಟ್ಟಿಗೆ ನಾನೂ ಸತ್ತ್ ಹೋಯ್ದ್ನಾ?”

ಆ ಮಾತನ್ನು ಹಾಗೆಯೇ ಪ್ರಬಂಧದಲ್ಲಿಟ್ಟೆ. ಮೌಖಿಕ ಪರೀಕ್ಷೆಗೆ ಹೊರಗಿನಿಂದ ಬಂದ ಪ್ರಾಧ್ಯಾಪಕರು ಅದನ್ನು ಓದಿ ನಕ್ಕರು. “ಮೀನು ಮಾರ್ಕೆಟಿನ ಜಗಳಕ್ಕೂ ಡಾಕ್ಟರೇಟಾ? ಇದನ್ನು ತೆಗೆಯಿರಿ. ಸಮುದಾಯದ ಬೆಂಬಲ ಚೆನ್ನಾಗಿದೆ ಎಂದು ಬರೆಯಿರಿ, ಸಹಿ ಹಾಕುತ್ತೇನೆ.”

ಬೆಂಬಲವಂತೆ! ಈಗ ಬರೆಯುವಾಗಲೂ ಮೈ ಉರಿಯುತ್ತದೆ. ಟೀಚರ್ ಅವರ ಕಿವಿ ನೋಡಿದೆ; ಕೆಂಡ. “ಸರ್, ತಾವು ಹಿರಿಯರು” ಎಂದು ಸಭ್ಯವಾಗಿಯೇ ಶುರು ಮಾಡಿದವರು ಮರುಕ್ಷಣ ಕುಂದಾಪ್ರ ಕನ್ನಡಕ್ಕೆ ಇಳಿದರು. “ಆ ಹೆಂಗ್ಸ್ ಕಣ್ಣೀರ್ ಹಾಕಿ ಹೇಳಿದ್ದನ್ನ ಬೆಂಬಲ ಅಂಬುದಾ? ನಾಳೆಯಿಂದ ನಿಮ್ಮತ್ರ ಒಬ್ರೂ ಎದ್ರ್ ಮಾತಾಡ್ದೆ ಇರ್ಲಿ, ಆಗ ಗೊತ್ತಾತ್ತ್! ಒಂದಕ್ಷರ ತೆಗುದಿಲ್ಲೆ.”

ತೆಗೆಯಲಿಲ್ಲ; ಅವರು ಸಹಿ ಹಾಕಲಿಲ್ಲ. ಬೇರೆ ಪರೀಕ್ಷಕರು ಬಂದು ನನಗೆ ಪದವಿ ಸಿಗುವಾಗ ತಡವಾಯಿತು, ಅಷ್ಟೇ. ಆದರೆ ಆ ಮೊದಲಿನ ಪುಣ್ಯಾತ್ಮರ ಬಳಗ ಟೀಚರಿಗೆ ನಿವೃತ್ತಿಯವರೆಗೂ ಇನ್ನೊಬ್ಬ ಸಂಶೋಧನಾ ವಿದ್ಯಾರ್ಥಿಯನ್ನು ಕೊಡಲಿಲ್ಲ. ಟೀಚರ್ ಅದಕ್ಕೆ ಕ್ಯಾರೇ ಅನ್ನದೆ, ಭಾನುವಾರ ಬಸ್ ಹತ್ತಿ ಉಪ್ಪುಂದಕ್ಕೆ ಹೋಗಿ ಅಕ್ಕನ ಬುಟ್ಟಿಯೆದುರು ಕುಕ್ಕರಗಾಲಲ್ಲಿ ಕೂರುತ್ತಿದ್ದರು.

“ಹ್ವಾಯ್, ಇದ್ ಬಂಗ್ಡೆ ಮೀನಾ, ಚಿನ್ನವಾ?”

“ಆಪುದಿಲ್ದಿರೆ ಮನೆಗ್ ಹೋಯಿ ಬದ್ನೆಕಾಯಿ ತಿನ್ನಿ, ಟೀಚರೇ!”

ಇಡೀ ಮಾರ್ಕೆಟು ತಿರುಗಿ ನೋಡುತ್ತಿತ್ತು. ಅಕ್ಕನ ಮುಖ ಅರಳುತ್ತಿತ್ತು.

ಹೋದ ವರ್ಷ ಟೀಚರ್ ತೀರಿಕೊಂಡರು. ಶ್ರದ್ಧಾಂಜಲಿ ಸಭೆಯಲ್ಲಿ ಅದೇ ಪ್ರಾಧ್ಯಾಪಕರು “ಬಹಳ ಮೃದು ಸ್ವಭಾವದವರು” ಎಂದರು. ನಾನು ಕುಳಿತಲ್ಲಿಂದಲೇ “ಸುಳ್ಳು” ಎಂದು ಕೂಗಿದೆ. ಸಭೆ ತಲೆ ತಗ್ಗಿಸಿತು. ಒಬ್ಬರೂ ಎದುರಾಡಲಿಲ್ಲ.

ಮುಂದಿನ ಭಾನುವಾರ ಉಪ್ಪುಂದಕ್ಕೆ ಹೋದೆ. ಅಕ್ಕನಿಗೆ ಸುದ್ದಿ ಗೊತ್ತಿತ್ತು. ಬಂಗುಡೆಯನ್ನು ಚೀಲಕ್ಕೆ ಹಾಕಿ ರೇಟು ಹೇಳಿದರು. ದುಡ್ಡು ಚಾಚಿದ ಕೈಯನ್ನು ಹಿಂದಕ್ಕೆಳೆದುಕೊಂಡೆ.

“ಎಂತ ಅಕ್ಕ, ಹಗಲು ದರೋಡೆಯಾ?”

ಅಕ್ಕ ನನ್ನನ್ನೇ ದಿಟ್ಟಿಸಿದರು. “ನಿನ್ ಟೀಚರ್ ಇದ್ಕಿಂತ ಚಂದ ಬೈತಿದ್ರ್” ಎಂದು, ಚೀಲಕ್ಕೆ ಕೈ ಹಾಕಿ ಒಂದು ಮೀನನ್ನು ವಾಪಸು ತೆಗೆದುಕೊಂಡರು.